ಏರಿಗೆ ತಕ್ಕ ಗೇರ್: ಪ್ರೊ. ಸಹಾಯಮೇರಿ ಅವರ ಪಾಠ ಮತ್ತು ಬೆಟ್ಟದ ಮೇಲಿನ ಒಂದು ಪರೀಕ್ಷೆ

ಮೈಸೂರಿನ ಎಂಜಿನಿಯರಿಂಗ್ ಅಧ್ಯಾಪಕರ ನಡುವೆ ವಿದ್ಯುತ್ ಯಂತ್ರಗಳ ಮಾತು ಬಂದಾಗಲೆಲ್ಲ ಗೌರವದಿಂದ ನೆನೆಯಲಾಗುವ ಹೆಸರು ಪ್ರೊಫೆಸರ್ ಸಹಾಯಮೇರಿ ಅವರದು. ಮೂರು ದಶಕಗಳಿಗೂ ಮಿಕ್ಕ ಸೇವೆಯನ್ನು ಪೂರೈಸಿ ಅವರು ಈ ವರ್ಷ ನಮ್ಮ ಕಾಲೇಜಿನಿಂದ ನಿವೃತ್ತರಾಗುತ್ತಿದ್ದಾರೆ. ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವ ಕಾರ್ಖಾನೆಗೆ ಹೋದರೂ ಮೋಟಾರುಗಳ ವಿಭಾಗದಲ್ಲಿ ‘ನಾನೂ ಮೇಡಂ ಶಿಷ್ಯ’ ಎನ್ನುವವರೊಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಹತ್ತಿರ ಕಲಿತು, ಆಮೇಲೆ ಅವರದೇ ಪ್ರಯೋಗಾಲಯದಲ್ಲಿ ಸಹೋದ್ಯೋಗಿಯಾಗಿ ಎರಡು ದಶಕ ಕಳೆದ ನನಗೆ ಈ ಅಭಿನಂದನ ಸಂಪುಟದಲ್ಲಿ ಬರೆಯುವ ಅವಕಾಶ ಒದಗಿದ್ದು ಒಂದು ಭಾಗ್ಯವೆಂದೇ ತಿಳಿದಿದ್ದೇನೆ.

ಮೋಟಾರನ್ನು ಮೋಟಾರಾಗಿಯೇ ಓದಿ, ಅದರ ಸುರುಳಿ, ಅದರ ಕಬ್ಬಿಣ, ಅದರ ದಕ್ಷತೆಯ ಲೆಕ್ಕ ಮಾಡುವವರು ಬಹಳ ಮಂದಿ ಇದ್ದಾರೆ. ಸಹಾಯಮೇರಿ ಅವರ ಆಸಕ್ತಿ ಅದಕ್ಕಿಂತ ಸ್ವಲ್ಪ ಆಚೆಗಿತ್ತು. ಮೋಟಾರಿಗೂ ಅದು ಎಳೆಯಬೇಕಾದ ಭಾರಕ್ಕೂ ನಡುವೆ ಕೂತಿರುವ ಹಲ್ಲುಚಕ್ರಗಳು, ಅಂದರೆ ಗೇರುಗಳು, ಆ ಮೋಟಾರಿನ ಬದುಕನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದು ಅವರ ಜೀವಮಾನದ ವಿಷಯವಾಯಿತು. ಒಂದೇ ಮೋಟಾರು ಒಂದು ಗೇರಿನ ಜೊತೆ ವರ್ಷಗಟ್ಟಲೆ ತಣ್ಣಗೆ ದುಡಿಯುತ್ತದೆ, ಇನ್ನೊಂದರ ಜೊತೆ ಕೆಲವೇ ತಿಂಗಳಲ್ಲಿ ಸುಟ್ಟುಹೋಗುತ್ತದೆ ಎಂಬ ಸಂಗತಿಯನ್ನು ಅವರಷ್ಟು ಸರಳವಾಗಿ, ಅವರಷ್ಟು ಪಟ್ಟುಹಿಡಿದು ಕಲಿಸಿದವರನ್ನು ನಾನು ಕಂಡಿಲ್ಲ.

ಈ ಆಸಕ್ತಿ ಮೊಳೆತದ್ದು ಅವರ ತಂದೆ ಲೂರ್ದುಸ್ವಾಮಿಯವರು ದುಡಿಯುತ್ತಿದ್ದ ಮುದ್ರಣಾಲಯದಲ್ಲಿ. ಮಧ್ಯಾಹ್ನದ ಊಟ ಕೊಡಲು ಹೋದ ಹುಡುಗಿ, ಒಂದೇ ಮೋಟಾರಿಗೆ ಬೆಲ್ಟು ಕಟ್ಟಿ ಮೂರು ಯಂತ್ರಗಳನ್ನು ಓಡಿಸುತ್ತಿದ್ದುದನ್ನು ನೋಡುತ್ತ, ಬುತ್ತಿ ಖಾಲಿಯಾಗುವವರೆಗೂ ಅಲ್ಲೇ ನಿಂತಿರುತ್ತಿದ್ದಳಂತೆ. ಚಿಕ್ಕ ಗಾಲಿ ಗಿರಗಿರನೆ ತಿರುಗಿದರೆ ದೊಡ್ಡ ಗಾಲಿ ಯಾಕೆ ನಿಧಾನ ಎಂದು ಕೇಳಿದಾಗ ಲೂರ್ದುಸ್ವಾಮಿಯವರು, ‘ನೀನೇ ಓದಿ ತಿಳ್ಕೊಂಡು ಬಂದು ನಂಗೂ ಹೇಳು ಮಗ’ ಎಂದಿದ್ದರಂತೆ. ಮಗಳು ಓದಿದಳು. ಆ ಕಾಲಕ್ಕೆ ಅವರ ಚರ್ಚಿನ ಕುಟುಂಬಗಳಲ್ಲಿ ಹೆಣ್ಣುಮಕ್ಕಳು ನರ್ಸಾಗುವುದು, ಟೀಚರಾಗುವುದು ವಾಡಿಕೆಯಾಗಿದ್ದರೆ, ಈಕೆ ಮೋಟಾರು ಬಿಚ್ಚುವ ಓದಿಗೆ ಸೇರಿದ್ದನ್ನು ಕಂಡು ನೆಂಟರಿಷ್ಟರು ಬೆರಗಾಗಿದ್ದರು. ಆಮೇಲಾಮೇಲೆ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಹೊರಬಂದರೆ, ಕೆಟ್ಟ ಮಿಕ್ಸಿಯನ್ನು ಚೀಲದಲ್ಲಿ ಹಿಡಿದು ಕಾಯುವವರು ಒಬ್ಬರಾದರೂ ಇರುತ್ತಿದ್ದರು!

ಅವರು ಕೆಲಸಕ್ಕೆ ಸೇರಿದಾಗ ವಿಭಾಗದಲ್ಲಿ ಬೇರೆ ಮಹಿಳೆಯರಿರಲಿಲ್ಲ. ಸೀರೆ ಉಟ್ಟವರು ತಿರುಗುವ ಯಂತ್ರಗಳ ಹತ್ತಿರ ಸುಳಿಯುವುದು ಅಪಾಯ ಎಂದು ಹೇಳಿ ಅವರಿಗೆ ಪ್ರಯೋಗಾಲಯ ಕೊಡದೆ, ಬರೀ ಡ್ರಾಯಿಂಗ್ ತರಗತಿಗಳನ್ನು ಹಚ್ಚಿದರು. ಅವರು ವಾದಕ್ಕೆ ಹೋಗಲಿಲ್ಲ. ಮರುದಿನ ಸೆರಗನ್ನು ಸೊಂಟಕ್ಕೆ ಬಿಗಿದು, ಅದರ ಮೇಲೊಂದು ಖಾಕಿ ಕೋಟು ಹಾಕಿ ಗುಂಡಿಗಳನ್ನೆಲ್ಲ ಭದ್ರಪಡಿಸಿಕೊಂಡು ಬಂದು, ಪ್ರಯೋಗಾಲಯದ ಬಾಗಿಲಲ್ಲಿ ನಿಂತು ‘ಈಗ ಅಪಾಯ ಏನಿದೆ ಸರ್?’ ಎಂದು ಕೇಳಿದರು. ಅಂದಿನ ಮುಖ್ಯಸ್ಥರು ನಕ್ಕು ಬೀಗದ ಕೈಯನ್ನು ಅವರಿಗೇ ಒಪ್ಪಿಸಿದರು.

ನಾನು ಮಂಡಕಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಓದುತ್ತಿದ್ದ ಹುಡುಗ. ಅವರ ಮೊದಲ ಪ್ರಯೋಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಜಿನ ಅಂಚಿಗೆ ಒಂದು ಸಣ್ಣ ಮೋಟಾರನ್ನು ಬಿಗಿದು, ಅದರ ದಂಡಕ್ಕೆ ನೇರವಾಗಿ ಹಗ್ಗ ಸುತ್ತಿ, ಹಗ್ಗದ ತುದಿಗೆ ಒಂದು ಬಕೆಟ್ ನೀರು ಕಟ್ಟಿದ್ದರು. ಸ್ವಿಚ್ ಒತ್ತಿದರೆ ಮೋಟಾರು ಗುಂಯ್ ಎಂದು ನರಳಿತು. ಬಕೆಟ್ ನೆಲ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆರಿಸಿ, ನನ್ನನ್ನು ಕರೆದು ಮೋಟಾರನ್ನು ಮುಟ್ಟಿ ನೋಡಲು ಹೇಳಿದರು.

‘ಬಿಸಿ ಇದೆಯಾ?’

‘ಇದೆ ಮೇಡಂ.’

‘ಆ ಬಿಸಿ ಎಲ್ಲಿಂದ ಬಂತು? ನಾವು ಕೊಟ್ಟ ಕರೆಂಟೇ ಕಣೋ ಅದು. ನೀರನ್ನ ಮೇಲಕ್ಕೆತ್ತಬೇಕಿತ್ತು, ನಿನ್ನ ಕೈಗೆ ಬಂತು.’

ಮೋಟಾರು ತಣ್ಣಗಾದ ಮೇಲೆ ಅದಕ್ಕೂ ಹಗ್ಗಕ್ಕೂ ನಡುವೆ ಗೇರುಗಳನ್ನು ಜೋಡಿಸಿದರು. ಈಗ ಮೋಟಾರು ಸರಾಗವಾಗಿ, ವೇಗವಾಗಿ ತಿರುಗಿತು. ಬಕೆಟ್ ನಿಧಾನವಾಗಿ ಮೇಲೇರಿತು. ಮುಟ್ಟಿದರೆ ಮೋಟಾರು ಬೆಚ್ಚಗಷ್ಟೇ ಇತ್ತು. ಹಾಗಾದರೆ ಗೇರು ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾವೆಲ್ಲ ಒಕ್ಕೊರಲಿನಿಂದ ತೀರ್ಮಾನಿಸಿಬಿಟ್ಟೆವು. ಅವರು ತಿರುಪು ಮೊಳೆಯ ಹಾಗೆ ಸುತ್ತಿಕೊಂಡ ಹಲ್ಲಿನ ಇನ್ನೊಂದು ಗೇರ್ ಪೆಟ್ಟಿಗೆಯನ್ನು ಜೋಡಿಸಿ ಓಡಿಸಿದರು. ಈ ಸಲ ಸುಡುತ್ತಿದ್ದುದು ಆ ಪೆಟ್ಟಿಗೆಯೇ. ‘ಗೇರು ಪುಕ್ಕಟೆ ಕೆಲಸ ಮಾಡಲ್ಲ. ಹಲ್ಲಿಗೆ ಹಲ್ಲು ಉಜ್ಜಿದಾಗ ಅದೂ ತನ್ನ ಪಾಲು ತಗೊಳ್ಳತ್ತೆ. ಯಾವ ಭಾರ, ಯಾವ ದಾರಿ, ಎಷ್ಟು ವೇಗ ಅಂತ ಮೊದಲು ಕೇಳಿ. ಗೇರು ಆರಿಸೋದು ಆಮೇಲೆ’ ಎಂದರು. ಪುಸ್ತಕದಲ್ಲಿ ಇದಕ್ಕೆ ಎಷ್ಟೋ ಪುಟಗಳ ಸಮೀಕರಣಗಳಿವೆ. ಅವನ್ನೂ ಅವರು ಕಲಿಸಿದರು, ಆದರೆ ಅಂಗೈಗೆ ತಾಗಿದ ಆ ಬಿಸಿಯ ನಂತರ.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮಪ್ಪ ಬಿದ್ದು ಕಾಲು ಮುರಿದುಕೊಂಡರು. ಬೆಳಗಿನ ಹೊತ್ತು ಹೊಲದ ಕೆಲಸ, ದನಕರುಗಳ ಆರೈಕೆ ನನ್ನ ಪಾಲಿಗೆ ಬಂದು ಪ್ರಯೋಗಾಲಯದ ತರಗತಿಗಳೆಲ್ಲ ತಪ್ಪಿಹೋದವು. ಪರೀಕ್ಷೆಗೆ ಕೂರುವಂತಿರಲಿಲ್ಲ. ಮೇಡಂ ಕರೆದು ಕಾರಣ ಕೇಳಿದರು, ಹೇಳಿದೆ. ಆ ಸೆಮಿಸ್ಟರು ಮುಗಿಯುವವರೆಗೂ ಶನಿವಾರ ಮಧ್ಯಾಹ್ನ ಪ್ರಯೋಗಾಲಯವನ್ನು ತೆರೆದಿಟ್ಟು ತಾವೇ ಕೂತಿರುತ್ತಿದ್ದರು. ಇದು ನನ್ನೊಬ್ಬನಿಗಾಗಿ ಎಂಬ ಮುಜುಗರ ನನಗಾಗಬಾರದೆಂದು, ಹಿಂದುಳಿದಿದ್ದ ಇನ್ನೂ ಮೂವರನ್ನು ಕರೆಸಿಕೊಂಡು ‘ಇದು ಎಲ್ಲರಿಗೂ’ ಎಂದರು. ಆ ಮೂವರಲ್ಲಿ ಒಬ್ಬನಿಗೆ ಅಂಥ ಅಗತ್ಯವೇ ಇರಲಿಲ್ಲವೆಂದೂ, ಮೇಡಂ ಹೇಳಿದ್ದಕ್ಕಾಗಿ ಸುಮ್ಮನೆ ಬರುತ್ತಿದ್ದನೆಂದೂ ನನಗೆ ತಿಳಿದದ್ದು ವರ್ಷಗಳು ಕಳೆದ ಮೇಲೆ. ಅಂದು ನಾನು ಪರೀಕ್ಷೆಗೆ ಕೂತೆ; ಮುಂದೆ ಅದೇ ಪ್ರಯೋಗಾಲಯಕ್ಕೆ ಅಧ್ಯಾಪಕನಾಗಿ ಬಂದೆ.

ಅವರ ಸೇವಾವಧಿಯ ಇಂಥ ನೆನಪುಗಳು ಬಹಳ ಇವೆ. ಹೆಬ್ಬಾಳದ ಶಿಫ್ಟಿನ ಬಸ್ಸು ಬರುವ ಹೊತ್ತಿಗೆ ಹೊಂದುವಂತೆ ಕಾರ್ಮಿಕರಿಗಾಗಿ ಸಂಜೆ ತರಗತಿ ನಡೆಸಿದ್ದನ್ನು ಇದೇ ಸಂಪುಟದಲ್ಲಿ ಬೇರೆಯವರು ಬರೆಯಲಿದ್ದಾರೆ. ನಾನು ಕಣ್ಣಾರೆ ಕಂಡ, ನಮ್ಮ ಕಾಲೇಜಿಗೇ ಹೆಮ್ಮೆ ತಂದ ಒಂದು ಪ್ರಸಂಗವನ್ನು ಮಾತ್ರ ವಿವರವಾಗಿ ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದಿನ ಮಾತು. ಕುವೆಂಪುನಗರದಲ್ಲಿ ಕೆಲವು ಹೆಣ್ಣುಮಕ್ಕಳು ಸೇರಿ ಎಲೆಕ್ಟ್ರಿಕ್ ಆಟೊಗಳನ್ನು ಕೊಂಡು ಓಡಿಸುತ್ತಿದ್ದರು. ಊರೊಳಗೆ ಗಾಡಿಗಳು ಚೆನ್ನಾಗಿಯೇ ಓಡುತ್ತಿದ್ದವು. ಪ್ರಯಾಣಿಕರನ್ನು ಕೂರಿಸಿಕೊಂಡು ಊರಂಚಿನ ಬೆಟ್ಟ ಹತ್ತತೊಡಗಿದ ಮೇಲೆ ಸುಟ್ಟ ವಾಸನೆ ಬರುವುದು, ಅರ್ಧ ದಾರಿಯಲ್ಲಿ ನಿಲ್ಲುವುದು ಶುರುವಾಗಿ, ಒಂದೊಂದಾಗಿ ಮೋಟಾರುಗಳು ಹೋದವು. ಗಾಡಿ ಮಾಡಿದ ಕಂಪೆನಿಯವರು ಮಿತಿ ಮೀರಿ ಜನ ಹತ್ತಿಸಿದ್ದೇ ಕಾರಣವೆಂದು ಹೇಳಿ, ಮೋಟಾರು ಬದಲಿಸಿಕೊಡಲು ಒಪ್ಪಲಿಲ್ಲ. ಆ ಚಾಲಕಿಯರಲ್ಲಿ ಒಬ್ಬರು ಮೇಡಂ ಅವರ ಚರ್ಚಿನವರು. ಅವರು ದಾರಿ ತೋರಿಸಿದ್ದರಿಂದ, ಗುಂಪಿಗೆ ಹಿರಿಯರಾದ ಬೆಟ್ಟಮ್ಮ ಒಂದು ದಿನ ನಮ್ಮ ಪ್ರಯೋಗಾಲಯಕ್ಕೆ ಬಂದರು.

‘ಮೇಡಮ್ಮೋರೆ, ನಾವು ಮೂರು ಜನಕ್ಕಿಂತ ಜಾಸ್ತಿ ಹತ್ತಿಸ್ಕಳಲ್ಲ. ಎಷ್ಟು ಹೇಳುದ್ರೂ ಕಂಪ್ನಿಯೋರು ನಂಬಲ್ಲ. ಗಾಡಿ ಕೆಟ್ಟದ್ದು ಒಂದು ಕಡೆ ಇರ್ಲಿ, ಸುಳ್ಳು ಹೇಳೋರು ಅನ್ನಿಸ್ಕಂಡು ಸ್ಟ್ಯಾಂಡಲ್ಲಿ ನಿಂತ್ಕಳದು ಎಂಗೆ?’ ಎಂದರು ಬೆಟ್ಟಮ್ಮ.

ಮೇಡಂ ಕುರ್ಚಿ ಎಳೆದು ಅವರನ್ನು ಕೂರಿಸಿ ಹೇಳಿದರು: ‘ಬೆಟ್ಟಮ್ಮ, ನಾನು ಯಾರ ಪರವಾಗೂ ಮಾತಾಡಲ್ಲ. ಅಳೆದು ನೋಡ್ತೀನಿ. ಭಾರ ಜಾಸ್ತಿ ಆಗಿತ್ತು ಅಂತ ಕಂಡುಬಂದ್ರೆ ಅದನ್ನೇ ಹೇಳ್ತೀನಿ. ಒಪ್ಪಿಗೆನಾ?’

‘ಒಪ್ಪಿಗೆ. ಅಳೀರಿ.’

ಸುಟ್ಟ ಮೋಟಾರುಗಳನ್ನು ಬಿಚ್ಚಿ ನೋಡಿದಾಗ ಅವುಗಳ ಕೆಲಸಗಾರಿಕೆಯಲ್ಲಿ ಕುಂದು ಕಾಣಲಿಲ್ಲ. ಮೇಡಂ ಗೇರ್ ಪೆಟ್ಟಿಗೆ ತೆಗೆಸಿ, ಚಕ್ರಗಳ ಹಲ್ಲುಗಳನ್ನು ಎಣಿಸಿದರು. ಮೋಟಾರು ಎಂಟು ಸುತ್ತು ತಿರುಗಿದರೆ ಗಾಡಿಯ ಚಕ್ರ ಒಂದು ಸುತ್ತು ತಿರುಗುವ ಲೆಕ್ಕ ಅಲ್ಲಿತ್ತು. ಅದೇ ಕಂಪೆನಿಯ ಹಳೆಯ ಮಾದರಿಯಲ್ಲಿ ಹನ್ನೆರಡು ಸುತ್ತಿಗೆ ಒಂದು ಎಂದಿತ್ತು. ಬದಲಾಯಿಸಿದ್ದೇಕೆಂದು ಹುಡುಕಬೇಕಾಗಿರಲಿಲ್ಲ. ಹೊಸ ಗಾಡಿಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಹೊಗಳಿದ್ದೇ ಅದರ ವೇಗವನ್ನು. ಹನ್ನೆರಡನ್ನು ಎಂಟಕ್ಕೆ ಇಳಿಸಿದರೆ ಸಮದಾರಿಯಲ್ಲಿ ವೇಗ ಸಿಗುತ್ತದೆ. ಏರಿನಲ್ಲಾದರೋ ಮೋಟಾರು ನಿಧಾನವಾಗಿ ತಿರುಗುತ್ತ, ಅಷ್ಟೂ ಭಾರವನ್ನು ತಾನೇ ಹೊರಬೇಕು. ಅದಕ್ಕೆ ಹೆಚ್ಚು ಕರೆಂಟು ಬೇಕು. ಕರೆಂಟು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕರಷ್ಟಾಗುತ್ತದೆ. ಬ್ಯಾಟರಿಯ ಶಕ್ತಿ ಚಕ್ರಕ್ಕೆ ಹೋಗುವ ಬದಲು ಮೋಟಾರನ್ನು ಬೇಯಿಸುವುದಕ್ಕೆ ಹೋಗುತ್ತದೆ.

ಆದರೆ ಇದನ್ನು ಎಲ್ಲರ ಕಣ್ಣೆದುರು ತೋರಿಸಬೇಕಿತ್ತು. ಪರೀಕ್ಷೆಗೆ ಬನ್ನಿ ಎಂದು ಮೇಡಂ ಕಂಪೆನಿಗೆ ತಿಳಿಸಿದರು. ಕಂಪೆನಿ ಒಪ್ಪಿತು, ಜೊತೆಗೆ ಇಂಥ ವಿಷಯಕ್ಕೆ ಕೈಹಾಕುವ ಕಾಲೇಜಿನಿಂದ ಈ ವರ್ಷ ವಿದ್ಯಾರ್ಥಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಕಷ್ಟವಾದೀತೆಂದು ನಯವಾದ ಮಾತಿನಲ್ಲಿ ಸೂಚಿಸಿತು. ನಮ್ಮ ಎಷ್ಟೋ ಮಕ್ಕಳು ಆ ಕಂಪೆನಿಯನ್ನೇ ನೆಚ್ಚಿಕೊಂಡಿದ್ದರು. ಪ್ರಾಂಶುಪಾಲರು ದೊಡ್ಡ ಮನಸ್ಸಿನವರು. ‘ನಿಮ್ಮನ್ನು ನಾನು ತಡೆಯುವುದಿಲ್ಲ. ಆದರೆ ಮಕ್ಕಳಿಗೆ ಈ ಸುದ್ದಿಯನ್ನು ನೀವೇ ಹೇಳಬೇಕು’ ಎಂದರು.

ಮೇಡಂ ಅಂದೇ ಕೊನೆಯ ವರ್ಷದ ತರಗತಿಗೆ ಹೋದರು, ನಾನೂ ಜೊತೆಗಿದ್ದೆ. ಅವರು ವಿಷಯ ಹೇಳಿ ಮುಗಿಸುತ್ತಿದ್ದಂತೆ ವರ್ಷಿಣಿ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ತರಗತಿಯಲ್ಲೆಲ್ಲ ಜಾಣೆ, ಆ ಕಂಪೆನಿಗೆ ಅವಳು ಆಯ್ಕೆಯಾಗುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

‘ಮೇಡಂ, ನೀವು ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀರಿ. ನಮಗೆ ಬದುಕು ಶುರುವಾಗೋದೇ ಈಗ. ನಮ್ಮನ್ನ ಒಂದು ಮಾತೂ ಕೇಳದೆ ತೀರ್ಮಾನ ಮಾಡ್ಬುಟ್ರಲ್ಲ!’

ಮೇಡಂ ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ‘ನೀನು ಹೇಳಿದ್ದು ಸರಿ ಕಣಮ್ಮ. ನಿಮ್ಮನ್ನ ಕೇಳಬೇಕಿತ್ತು. ಪರೀಕ್ಷೆಯನ್ನ ನಾನು ಬಿಡೋಕಾಗಲ್ಲ, ಆ ಹೆಂಗಸರಿಗೆ ಮಾತು ಕೊಟ್ಟಿದ್ದೀನಿ. ಆದ್ರೆ ನಿಂಗೊಂದು ಕೆಲಸ ಕೊಡ್ತೀನಿ. ಆ ದಿವಸ ಕರೆಂಟು, ಬಿಸಿ ಅಳೆಯೋ ಮೀಟರ್ ನೋಡೋಳು ನೀನೇ. ನಾನು ಓದಿ ಹೇಳಿದ್ರೆ ಕಂಪ್ನಿಯೋರು ನಂಬದೆ ಇರಬಹುದು. ಅವರ ಹತ್ರ ಕೆಲಸ ಬೇಕು ಅನ್ನೋ ನಿನ್ನನ್ನ ನಂಬಲೇಬೇಕು. ನಾನೇ ತಪ್ಪು ಅಂತ ಬಂದ್ರೆ, ಎಲ್ಲರ ಮುಂದೆ ಹಾಗೇ ಹೇಳು’ ಎಂದರು. ವರ್ಷಿಣಿ ಮರುದಿನ ಪ್ರಯೋಗಾಲಯಕ್ಕೆ ಬಂದು, ಮೀಟರುಗಳನ್ನು ತಾನೇ ಒರೆಹಚ್ಚಿ ನೋಡಬೇಕೆಂದಳು. ಮೇಡಂ ಬೀರು ತೆರೆದುಕೊಟ್ಟರು.

ಪರೀಕ್ಷೆಗೆ ಆರಿಸಿದ್ದು ಬೆಟ್ಟಮ್ಮನವರದೇ ಆಟೊ. ಅದಕ್ಕೊಂದು ಹೊಸ ಮೋಟಾರು. ಕಂಪೆನಿಯಿಂದ ಪ್ರೇಮ್‌ಕುಮಾರ್ ಎಂಬ ಎಂಜಿನಿಯರು ಬಂದರು. ಮೂವರು ಪ್ರಯಾಣಿಕರ ತೂಕಕ್ಕೆ ಸರಿಯಾಗಿ ವರ್ಷಿಣಿಯನ್ನೂ ಮರಳಿನ ಮೂಟೆಗಳನ್ನೂ ತೂಗಿ ಕೂರಿಸಿದ್ದು ಅವರೇ. ಮೊದಲ ಬೆಳಗ್ಗೆ ಕಂಪೆನಿ ಹಾಕಿದ್ದ ಗೇರಿನೊಂದಿಗೇ ಗಾಡಿ ಹೊರಟಿತು. ಪ್ರೇಮ್‌ಕುಮಾರ್ ಅವರನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ನಾನು ಹಿಂಬಾಲಿಸಿದೆ; ಮೇಡಂ ಒಬ್ಬ ವಿದ್ಯಾರ್ಥಿನಿಯ ಸ್ಕೂಟರಿನಲ್ಲಿ ಜೊತೆಗೆ ಬಂದರು. ಮೊದಲ ಏರುಗಳನ್ನು ಗಾಡಿ ಹುರುಪಿನಿಂದಲೇ ಹತ್ತಿತು. ಕಡಿದಾದ ತಿರುವಿನ ಹತ್ತಿರ ವೇಗ ಕುಗ್ಗಿತು. ‘ಬಿಸಿ ಮಿತಿ ದಾಟ್ತು! ನಿಲ್ಲಿಸಿ!’ ಎಂದು ವರ್ಷಿಣಿ ಒಳಗಿಂದ ಕೂಗಿದಳು. ಬೆಟ್ಟಮ್ಮ ಗಾಡಿಯನ್ನು ಪಕ್ಕಕ್ಕೆ ಒತ್ತಿಸಿದರು. ಮೋಟಾರಿನ ತಂತಿಗೆ ಬಳಿದ ವಾರ್ನಿಷು ಕಾದ ವಾಸನೆ ನಮಗೆಲ್ಲ ಬಡಿಯಿತು. ಪ್ರೇಮ್‌ಕುಮಾರ್ ಮೋಟಾರಿನ ಮೇಲೆ ಕೈಯಿಟ್ಟು ತಟ್ಟನೆ ತೆಗೆದು, ‘ಇವತ್ತು ಬಿಸಿಲು ಜಾಸ್ತಿ ಇದೆ’ ಎಂದರು. ‘ಇರಬಹುದು. ನಾಳೆನೂ ಇದೇ ಹೊತ್ತಿಗೆ ಬರೋಣ’ ಎಂದರು ಮೇಡಂ.

ಆ ಮಧ್ಯಾಹ್ನ, ಕಂಪೆನಿಯ ಹಳೆಯ ಮಾದರಿಯ ಗೇರುಗಳನ್ನು ಅದೇ ಪೆಟ್ಟಿಗೆಗೆ ಕೂರಿಸಲಾಯಿತು. ಮೋಟಾರಿಗೆ ಪೆಟ್ಟಾಗಿಲ್ಲವೆಂದು ಪ್ರೇಮ್‌ಕುಮಾರ್ ಅವರೇ ಪರೀಕ್ಷಿಸಿ ಒಪ್ಪಿದರು. ಮರುದಿನವೂ ಅದೇ ಮೋಟಾರು, ಅದೇ ಭಾರ, ಅದೇ ಚಾಲಕಿ, ಬಿಸಿಲೂ ಹೆಚ್ಚುಕಡಿಮೆ ಅಷ್ಟೇ. ಆಟೊ ಅವಸರವಿಲ್ಲದೆ ಹತ್ತಿತು. ಹಿಂದಿನಿಂದ ಬೈಕಿನವರು ಹಾರನ್ ಬಾರಿಸಿ ಬೈದುಕೊಂಡು ಮುಂದೆ ಹೋದರು. ನಿನ್ನೆ ನಿಂತ ತಿರುವನ್ನು ಅದು ದಾಟಿದಾಗ ನನ್ನ ಹಿಂದೆ ಕೂತಿದ್ದ ಪ್ರೇಮ್‌ಕುಮಾರ್ ಕತ್ತು ಹೊರಳಿಸಿ ಆ ತಿರುವನ್ನೇ ನೋಡಿದರು. ಬೆಟ್ಟದ ಮೇಲೆ ಗಾಡಿ ನಿಂತಾಗ ವರ್ಷಿಣಿ ಇಳಿದು ಬಂದು, ಮೋಟಾರಿನ ಮೇಲೆ ಅಂಗೈ ಊರಿ, ಹಾಗೇ ನಿಂತಳು. ತೆಗೆಯುವ ಅಗತ್ಯವೇ ಬೀಳಲಿಲ್ಲ.

‘ಅದೇ ಏರಿಗೆ ಕರೆಂಟು ನಿನ್ನೆಗಿಂತ ಮೂರರಲ್ಲಿ ಒಂದು ಪಾಲು ಕಮ್ಮಿ’ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ‘ಅಂದ್ರೆ ತಂತೀಲಿ ಹುಟ್ಟೋ ಬಿಸಿ ಅರ್ಧಕ್ಕಿಂತ ಕಮ್ಮಿ.’

‘ಏನ್ ಮೇಡಮ್ಮೋರೆ, ಗಾಡಿ ಏದುಸಿರೇ ಬುಡ್ಲಿಲ್ಲ!’ ಎಂದು ಬೆಟ್ಟಮ್ಮ ನಕ್ಕರು. ನಗುತ್ತಿದ್ದವರು ಇದ್ದಕ್ಕಿದ್ದಂತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಸಿ ಗೆದ್ದೆವೆಂದು ಮನೆಗೆ ಹೋಗುತ್ತಿದ್ದರು. ಮೇಡಂ ಗಾಡಿಯನ್ನು ಕೆಳಗಿಳಿಸಿ, ರಿಂಗ್ ರಸ್ತೆಗೆ ತಂದು, ಸಮದಾರಿಯಲ್ಲಿಯೂ ಓಡಿಸಿ ಅಳೆಯಲು ಹೇಳಿದರು. ಅಲ್ಲಿ ಕತೆ ಬೇರೆಯಾಗಿತ್ತು. ಗಾಡಿಯ ಗರಿಷ್ಠ ವೇಗ ಮೂರರಲ್ಲಿ ಒಂದು ಪಾಲು ಇಳಿದಿತ್ತು. ಒಂದೇ ವೇಗಕ್ಕೆ ಮೋಟಾರು ಮೊದಲಿಗಿಂತ ರಭಸವಾಗಿ ತಿರುಗಬೇಕಾದ್ದರಿಂದ ಬ್ಯಾಟರಿಯೂ ತುಸು ಹೆಚ್ಚು ಖರ್ಚಾಯಿತು. ಇದೆಲ್ಲವನ್ನೂ ಅವರು ವರದಿಯಲ್ಲಿ ಸೇರಿಸಿದರು.

‘ಅದನ್ಯಾಕೆ ಬರುದ್ರಿ? ಅವ್ರಿಗೆ ಅನ್ಕೂಲ ಆಗಕಿಲ್ವಾ?’ ಎಂದು ಬೆಟ್ಟಮ್ಮ ಕಳವಳದಿಂದ ಕೇಳಿದರು.

‘ನಮಗೆ ಬೇಕಾದ್ದನ್ನ ಮಾತ್ರ ಬರೆದ್ರೆ ಅದು ಅಳತೆ ಆಗಲ್ಲ ಬೆಟ್ಟಮ್ಮ’ ಎಂದರು ಮೇಡಂ.

ಪ್ರೇಮ್‌ಕುಮಾರ್ ಅವರ ಮನಸ್ಸನ್ನು ತಿರುಗಿಸಿದ್ದು ಆ ಕೊನೆಯ ಭಾಗವೇ ಎಂದು ಅವರೇ ಆಮೇಲೆ ನನಗೆ ಹೇಳಿದರು. ತಮಗೆ ವಿರುದ್ಧವಾದ ಅಂಕಿಗಳನ್ನೂ ಬಚ್ಚಿಡದವರ ಮಾತನ್ನು ಮೇಲಿನವರ ಮುಂದೆ ಧೈರ್ಯವಾಗಿ ಎತ್ತಿ ಹಿಡಿಯಬಹುದು ಎಂದು ಅವರಿಗೆ ಅನ್ನಿಸಿತಂತೆ. ಎತ್ತಿ ಹಿಡಿದರು. ಎಲ್ಲ ಆಟೊಗಳಿಗೂ ಗೇರು ಬದಲಾಯಿತು, ಸುಟ್ಟ ಮೋಟಾರುಗಳ ಜಾಗಕ್ಕೆ ಹೊಸವು ಬಂದವು. ಒಂದು ಸಂಜೆ ಪ್ರೇಮ್‌ಕುಮಾರ್ ಕುವೆಂಪುನಗರದ ಆಟೊ ಸ್ಟ್ಯಾಂಡಿಗೆ ತಾವೇ ಬಂದು, ‘ನೀವು ಜಾಸ್ತಿ ಜನ ಹತ್ತಿಸಿದ್ರಿ ಅಂತ ಹೇಳಿದ್ದು ನಮ್ಮ ತಪ್ಪು ಕಣಮ್ಮ, ಮನಸ್ಸಿಗೆ ಹಚ್ಕೋಬೇಡಿ’ ಎಂದು ಎಲ್ಲ ಚಾಲಕಿಯರ ಮುಂದೆ ಹೇಳಿದರು. ಈಗ ಆ ಕಂಪೆನಿ ಸಮದಾರಿಗೊಂದು, ಏರುದಾರಿಗೊಂದು ಎಂದು ಎರಡು ಬಗೆಯ ಗೇರಿನ ಗಾಡಿಗಳನ್ನು ಮಾರುತ್ತದೆ.

ಆದರೂ ಆ ವರ್ಷ ಕಂಪೆನಿಯವರು ವಿದ್ಯಾರ್ಥಿಗಳನ್ನು ಕೆಲಸಕ್ಕೆ ಆರಿಸಿಕೊಳ್ಳಲು ನಮ್ಮ ಕಾಲೇಜಿಗೆ ಬರಲಿಲ್ಲ. ಆ ಬೇಸಿಗೆಯ ರಜೆಯನ್ನು ಮೇಡಂ ಕಳೆದದ್ದು ಹೆಬ್ಬಾಳದಲ್ಲಿ. ಶಿಫ್ಟಿನ ಜನರ ನಡುವೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಕಾರ್ಖಾನೆಯಿಂದ ಕಾರ್ಖಾನೆಗೆ ನಡೆದು, ತಮ್ಮ ಹಳೆಯ ಶಿಷ್ಯರನ್ನು ಹುಡುಕಿ ಹಿಡಿದು, ‘ನಮ್ಮ ಮಕ್ಕಳನ್ನ ಒಂದು ಸಲ ಕರೆದು ಮಾತಾಡ್ಸಿ’ ಎಂದು ಕೇಳಿದರು. ತಮಗಾಗಿ ಯಾರನ್ನೂ ಏನನ್ನೂ ಕೇಳದ ಹೆಂಗಸು ಆಕೆ. ಇಬ್ಬರು ಓದು ಮುಂದುವರಿಸಿದರು, ಉಳಿದವರಿಗೆಲ್ಲ ಕೆಲಸವಾಯಿತು. ಕೆಲವರಿಗೆ ಸಂಬಳ ಅವರು ಆಸೆಪಟ್ಟಷ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ವರ್ಷಿಣಿ ಗೇರು ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಸೇರಿ, ಇಂದು ಅಲ್ಲಿ ವಿನ್ಯಾಸದ ಹೊಣೆ ಹೊತ್ತಿದ್ದಾರೆ. ಈ ಅಭಿನಂದನ ಸಂಪುಟ ತರಬೇಕೆಂದು ಮೊದಲು ಹಟ ಹಿಡಿದವರು ಅವರೇ.

ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂದು ಯಾರು ಕೇಳಿದರೂ ಮೇಡಂ ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ. ಉತ್ತರ ನನಗೆ ಕಳೆದ ತಿಂಗಳು ಕುವೆಂಪುನಗರದ ಒಂದು ಮೈದಾನದಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ಆಟೊ ಒಂದು ವಾಲಾಡುತ್ತ ಸುತ್ತು ಹಾಕುತ್ತಿತ್ತು. ಚಾಲಕರ ಜಾಗದಲ್ಲಿ ಕೂತಿದ್ದವರು ನಮ್ಮ ಪ್ರೊಫೆಸರ್. ಪಕ್ಕದಲ್ಲಿ ಅರ್ಧ ಸೀಟಿನಲ್ಲಿ ಒತ್ತಿಕೊಂಡು ಕೂತ ಬೆಟ್ಟಮ್ಮ ‘ಅಷ್ಟು ಬಿಗಿಯಾಗಿ ಇಡ್ಕಬ್ಯಾಡಿ ಮೇಡಮ್ಮೋರೆ, ಸಡ್ಲ ಬುಡಿ, ಸಡ್ಲ ಬುಡಿ’ ಎಂದು ಕೂಗುತ್ತಿದ್ದರು. ಪ್ರಯೋಗದ ಸಾಮಾನುಗಳನ್ನು ಆಟೊದಲ್ಲಿ ಹೇರಿಕೊಂಡು ಸುತ್ತಲ ಊರುಗಳ ಹೈಸ್ಕೂಲುಗಳಿಗೆ ತಾವೇ ಓಡಿಸಿಕೊಂಡು ಹೋಗಿ ಪಾಠ ಮಾಡುವುದು ಅವರ ಯೋಜನೆಯಂತೆ. ನನ್ನನ್ನು ಕಂಡು ಗಾಡಿ ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದಕ್ಕಿಂತ ಅದು ತಾನಾಗಿ ನಿಂತಿತೆಂದರೇ ಸರಿ.

‘ಹತ್ತೋ ಚೆಲುವರಾಜು, ಮೊದಲನೇ ಪ್ಯಾಸೆಂಜರ್ ನೀನೇ’ ಎಂದರು.

ಹತ್ತಿದೆ. ಮೈದಾನವನ್ನು ಎರಡು ಸುತ್ತು ಹಾಕಿಸಿದರು. ಎರಡನೆಯ ಸುತ್ತು ಮೊದಲನೆಯದಕ್ಕಿಂತ ಎಷ್ಟೋ ನೇರವಾಗಿತ್ತು.

ನಮ್ಮ ಪೂಜ್ಯ ಗುರುಗಳಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ. ಆ ಆಟೊ ಹೋಗಿ ನಿಲ್ಲುವ ಪ್ರತಿಯೊಂದು ಶಾಲೆಯ ಮಕ್ಕಳಿಗೆ ನಮಗೆ ಸಿಕ್ಕ ಭಾಗ್ಯ ಸಿಗಲಿ. ಲೈಸೆನ್ಸ್ ಪರೀಕ್ಷೆ ಮುಂದಿನ ವಾರವಿದೆ. ಅವರು ಪಾಸಾಗುತ್ತಾರೆಂಬ ಬಗ್ಗೆ ಈ ಶಿಷ್ಯನಿಗೆ ಎಳ್ಳಷ್ಟೂ ಅನುಮಾನವಿಲ್ಲ.

— ಚೆಲುವರಾಜು, ವಿದ್ಯುತ್ ಯಂತ್ರಗಳ ವಿಭಾಗ